ಎರಡು ಸಾಲು ಹೊಲಿಗೆ

ಜನವರಿ 9

ಕಡ್ಡಿಗೆ ಅಪ್ಪನ ಆಶೀರ್ವಾದ.

ನಿನ್ನ ತೂಕ ಎಷ್ಟು ಅಂತ ಕೂಡಲೇ ಬರೆದು ತಿಳಿಸು. ಬರೀ ಮೈತೂಕ ಅಲ್ಲ. ಬೂಟು, ತಲೆಗೆ ಹಾಕುವ ಕಬ್ಬಿಣದ ಟೋಪಿ, ಬಂದೂಕು, ಹೊರುವ ಗಂಟು, ನೀರಿನ ಬಾಟಲಿ, ಎಲ್ಲ ಸೇರಿಸಿ. ಬಾಟಲಿ ತುಂಬಿದ್ದಾಗ ಎಷ್ಟು, ಖಾಲಿಯಾದಾಗ ಎಷ್ಟು ಅನ್ನುವುದನ್ನೂ ಬರಿ. ನಿಮ್ಮನ್ನು ವಿಮಾನದಿಂದ ಹಾರಿಸುವುದು ಊಟಕ್ಕೆ ಮುಂಚೆಯೋ, ಊಟ ಆದ ಮೇಲೋ?

ಇಷ್ಟು ತಿಂಗಳು ಒಂದು ಸಾಲೂ ಬರೆಯದವನು ಈಗ ಇದ್ದಕ್ಕಿದ್ದ ಹಾಗೆ ತೂಕ ಕೇಳುತ್ತಿದ್ದಾನಲ್ಲ ಅಂತ ನಿನಗೆ ಅನ್ನಿಸಬಹುದು. ನೀನು ಸೈನ್ಯಕ್ಕೆ ಹೊರಟ ದಿನ ನಾನು ಮಾತಾಡಲಿಲ್ಲ, ನಿಜ. ಗಂಟಲು ಕಟ್ಟಿತ್ತು. ಶೀತ ಆಗಿತ್ತು. ಅದಿರಲಿ.

ವಿಷಯ ಏನೆಂದರೆ, ಡೇರೆ, ಟಾರ್ಪಾಲು, ಕಿಟ್ ಚೀಲ ಹೊಲಿದುಕೊಂಡಿದ್ದ ನಮ್ಮ ಕಾರ್ಖಾನೆಯ ಶೆಡ್ಡಿಗೆ ಪ್ಯಾರಾಚೂಟು ಹೊಲಿಯುವ ಕೆಲಸ ಬಂದಿದೆ. ಇಷ್ಟು ವರ್ಷ ಹೊರದೇಶದಿಂದ ತರಿಸುತ್ತಿದ್ದರು. ಸೈನ್ಯಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಇನ್ನು ಮೇಲೆ ಇಲ್ಲೇ ಖರ್ಚಾಗಬೇಕು, ಸಾಮಾನು ಇಲ್ಲೇ ತಯಾರಾಗಬೇಕು ಅಂತ ಸರ್ಕಾರ ತೀರ್ಮಾನ ಮಾಡಿದೆಯಂತೆ. ರೇಡಿಯೋದಲ್ಲಿ ನೀನೂ ಕೇಳಿರಬೇಕು. ಬಟ್ಟೆ ನಮ್ಮ ಮಿಲ್ಲಿನದು, ದಾರ ನಮ್ಮದು, ಹಗ್ಗ ನಮ್ಮದು. ಹೊಲಿಯುವವರು ನಾವು. ಅಲ್ಲೇ ನನಗೆ ಭಯ. ನಾನು ಯಾರು? ಸ್ಕೂಲು ಅರ್ಧಕ್ಕೆ ಬಿಟ್ಟು, ಸ್ಕೂಲಿನ ಮಕ್ಕಳಿಗೆ ಯೂನಿಫಾರಂ ಹೊಲಿದುಕೊಂಡಿದ್ದವನು. ರೆಡಿಮೇಡು ಬಂದು ಅಂಗಡಿ ಮುಚ್ಚಿದ್ದಕ್ಕೆ ಇಲ್ಲಿ ಸೇರಿದವನು.

ಕ್ಷೌರದಂಗಡಿಯವನು ನನ್ನ ಗಡ್ಡವನ್ನು ಅರ್ಧ ಕೆರೆದು ನಿಲ್ಲಿಸಿ, "ಅಲ್ಲ ಮಾಸ್ಟ್ರೇ, ನಮ್ಮೋರು ಮಾಡಿದ ಕೊಡೆ ಮಳೆಗೇ ನಿಲ್ಲಲ್ಲ. ಮನುಷ್ಯನ್ನ ಕಟ್ಟಿ ಆಕಾಶದಿಂದ ಬಿಟ್ರೆ ನಿಲ್ಲುತ್ತಾ?" ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅರ್ಧ ಗಡ್ಡದಲ್ಲಿ ಎದ್ದು ಬರುವ ಹಾಗೂ ಇಲ್ಲ. ಆಮೇಲೆ ಅವನೇ, "ಅಷ್ಟು ದುಡ್ಡಲ್ಲಿ ಈ ಕಡೆಗೊಂದು ಆಸ್ಪತ್ರೆ ಆಗ್ತಿತ್ತು" ಅಂತ ಮೆಲ್ಲಗೆ ಅಂದ. ಅವನ ತಾಯಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಅಷ್ಟು ದೂರ ಓಡಿದಾಗ ಮಂಚದ ಒಂದು ತುದಿ ನಾನೇ ಹಿಡಿದಿದ್ದೆ.

ನಾವು ಕ್ಷೇಮ ಅಂತ ಬರೆಯಬೇಕು, ಬರೆದಿದ್ದೇನೆ. ನಿನ್ನಮ್ಮ ಗಟ್ಟಿಯಾಗಿದ್ದಾಳೆ. ನನಗೆ ಊಟ ಸೇರುತ್ತಿಲ್ಲ.

ತೂಕ ಮರೆಯಬೇಡ.

ಅಪ್ಪ

ಜನವರಿ 24

ಅಪ್ಪನಿಗೆ ಕಡ್ಡಿಯ ನಮಸ್ಕಾರ.

ಹೆಣ್ಣುಮಕ್ಕಳ ತೂಕ ಕೇಳಬಾರದು ಅಂತ ಅಮ್ಮ ನಿಮಗೆ ಹೇಳಲಿಲ್ಲವೇ? ಕೇಳಿದ್ದೀರಿ, ಹೇಳುತ್ತೇನೆ. ಮೈಮೇಲಿನ ಸಾಮಾನೆಲ್ಲ ಸೇರಿಸಿದರೆ ನಾನು ಎರಡು ಕಡ್ಡಿ ಆಗುತ್ತೇನೆ. ಅಂದರೆ ನನ್ನಷ್ಟೇ ತೂಕದ ಇನ್ನೊಬ್ಬಳು ನನ್ನ ಮೇಲೆ ಕೂತ ಹಾಗೆ. ಹಾರಿಸುವುದು ಬೆಳಗಿನ ತಿಂಡಿಗೆ ಮುಂಚೆ. ಯಾಕೆ ಅಂತ ಮೊದಲ ಸಲ ಹಾರಿದಾಗ ಗೊತ್ತಾಯಿತು.

ನೀವು ಪ್ಯಾರಾಚೂಟು ಹೊಲಿಯುತ್ತಿದ್ದೀರಿ ಅಂತ ಓದಿ ಕೂಗಿಕೊಂಡೆ. ಪಕ್ಕದ ಮಂಚದವಳು ಹಾವು ಬಂತೆಂದು ಎದ್ದು ನಿಂತಳು.

ಇಲ್ಲಿನ ಕಥೆ ನಿಮಗೆ ಗೊತ್ತಿಲ್ಲ. ಪ್ಯಾರಾಚೂಟಿಗೆ ನಾವು ಕೊಡೆ ಅಂತಲೇ ಅನ್ನುತ್ತೇವೆ. ನಮ್ಮ ಹತ್ತಿರ ಇರುವುದೆಲ್ಲ ಹೊರದೇಶದ ಹಳೆಯ ಕೊಡೆಗಳು. ಹೊಸದಕ್ಕೆ ಬರೆದರೆ ಇವತ್ತು ಕಳಿಸುತ್ತೇವೆ, ನಾಳೆ ಕಳಿಸುತ್ತೇವೆ ಅನ್ನುತ್ತಾರೆ. ಹೋದ ವರ್ಷ ಅವರಿಗೂ ನಮಗೂ ಏನೋ ಮನಸ್ತಾಪವಾಗಿ ಅದೂ ನಿಂತಿತು. ನಮ್ಮಲ್ಲಿ ಅರ್ಧ ಜನ ಹಾರಿದರೆ ಇನ್ನರ್ಧ ಜನ ಮೈದಾನದಲ್ಲಿ ಕೂತು ಹುಲ್ಲು ಕೀಳುತ್ತೇವೆ. ನಾಳೆ ನಿಜವಾಗಿ ಹಾರಬೇಕಾಗಿ ಬಂದರೆ ಆ ಅರ್ಧ ಜನ ಏನು ಮಾಡಬೇಕು? ಬಾಡಿಗೆ ಕೊಡೆ ಕೇಳಿಕೊಂಡು ಹೋಗುವುದೇ?

ನಮ್ಮ ತರಬೇತಿ ಗುರುಗಳಿಗೆ ಗುಡುಗು ಅಂತ ಹೆಸರಿಟ್ಟಿದ್ದೇವೆ. ಸಮಾಧಾನದಲ್ಲಿ ಮಾತಾಡಿದರೂ ಗುಡುಗಿದ ಹಾಗೇ ಇರುತ್ತದೆ. ನಿನ್ನೆ ಅವರು, "ನಮ್ಮ ದೇಶದ ಕೊಡೆ ಬರ್ತಿದೆ. ಪರೀಕ್ಷೆಗೆ ಹಾರೋರು ನಮ್ಮ ತುಕಡಿ. ಮೊದಲು ಯಾರು?" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. "ಇವಳ ಅಪ್ಪನೇ ಹೊಲಿತಿರೋದು, ಇವಳನ್ನೇ ಮೊದಲು ತಳ್ಳೋಣ" ಅಂದಳು ಪಕ್ಕದ ಮಂಚದವಳು.

ತಳ್ಳುವವರೆಗೆ ಕಾಯಲಿಲ್ಲ. ನಾನೇ ಕೈ ಎತ್ತಿದೆ. ನಿಮಗೆ ಹೇಳಬೇಕೋ ಬೇಡವೋ ಅಂತ ಪೆನ್ನು ಕಚ್ಚಿದೆ. ಹೇಳಿಬಿಟ್ಟಿದ್ದೇನೆ.

ಎದೆಯ ಮೇಲೆ ಇನ್ನೊಂದು ಚಿಕ್ಕ ಕೊಡೆ ಇರುತ್ತದೆ ಅಪ್ಪ. ಮೊದಲನೆಯದು ಕೈಕೊಟ್ಟರೆ ಅದು. ಊಟ ಮಾಡಿ.

ಕಡ್ಡಿ

ಮತ್ತೆ: ನಾನು ಹೊರಟದ್ದು ಸುಡುಬಿಸಿಲಿನ ತಿಂಗಳಲ್ಲಿ. ಶೀತವೇ?

ಫೆಬ್ರವರಿ 15

ಮಗಳೇ,

ಎದೆಯ ಮೇಲೆ ಇನ್ನೊಂದು ಇರುತ್ತದೆ ಅಂತ ಸಮಾಧಾನಕ್ಕೆ ಬರೆದಿದ್ದೀಯ. ನನಗೆ ಅದರಿಂದಲೇ ಜಾಸ್ತಿ ಭಯವಾಯಿತು. ಎರಡನೆಯದನ್ನು ಕಟ್ಟಿದ್ದಾರೆ ಅಂದರೆ ಮೊದಲನೆಯದರ ಮೇಲೆ ಅವರಿಗೇ ನಂಬಿಕೆ ಇಲ್ಲ ಅಂತ ತಾನೇ ಅರ್ಥ? ನಿನ್ನಮ್ಮನಿಗೆ ಹೇಳಿದರೆ, "ನೀವು ಬೀಗ ಹಾಕಿ ಮೂರು ಸಲ ಎಳೆದು ನೋಡ್ತೀರಲ್ಲ, ಬೀಗದ ಮೇಲೆ ನಂಬಿಕೆ ಇಲ್ಲ ಅಂತಾನಾ? ಸುಮ್ಮನೆ ಊಟಕ್ಕೆ ಏಳ್ರಿ" ಅಂತಾಳೆ.

ಮೊದಲು ಹಾರುವುದು ನೀನೇ ಯಾಕೆ? ಎರಡನೆಯವಳಾಗಿ ಹಾರಿದರೆ ಯಾರಾದರೂ ಬೇಡ ಅಂತಾರಾ? ಇದನ್ನು ಬರೆದ ಮೇಲೆ ನಾಚಿಕೆಯಾಯಿತು. ಎರಡನೆಯವಳು ಮೊದಲನೆಯವಳಾಗುತ್ತಾಳೆ, ಅವಳಿಗೂ ಒಬ್ಬ ಅಪ್ಪ ಇರುತ್ತಾನೆ. ಹೊಡೆದು ಹಾಕೋಣ ಅಂದರೆ ಕಾಗದ ಗಲೀಜಾಗುತ್ತದೆ. ಹಾಗೇ ಇರಲಿ, ನೀನು ಓದಬೇಡ.

ಕೆಲಸದ ವಿಷಯ ಬರೆಯುತ್ತೇನೆ. ಶೆಡ್ಡಿಗೆ ಸುಣ್ಣ ಬಳಿದು, ನೆಲಕ್ಕೆ ನುಣುಪು ಕಲ್ಲು ಹಾಸಿದ್ದಾರೆ. ಹೊರಗೇ ಚಪ್ಪಲಿ ಬಿಡಬೇಕು, ಉಗುರು ಕತ್ತರಿಸಿಕೊಂಡು ಬರಬೇಕು. ಬಟ್ಟೆ ಈರುಳ್ಳಿಯ ಒಳಸಿಪ್ಪೆಯ ಹಾಗೆ. ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಇಲ್ಲ, ಉಸಿರು ಬಿಟ್ಟರೆ ಜಾರುತ್ತದೆ. ಒಂದು ಕೊಡೆ ಅಂದರೆ ಕಿತ್ತಳೆಹಣ್ಣಿನ ತೊಳೆಯ ಹಾಗೆ ಕತ್ತರಿಸಿದ ತುಂಡುಗಳನ್ನು ಸುತ್ತಲೂ ಜೋಡಿಸಿ ಹೊಲಿಯುವುದು. ನಾವು ಅವನ್ನು ತೊಳೆ ಅಂತಲೇ ಕರೆಯುತ್ತೇವೆ. ತೊಳೆಗೂ ತೊಳೆಗೂ ನಡುವೆ ಎರಡು ಸಾಲು ಹೊಲಿಗೆ. ನಮ್ಮ ದೊಡ್ಡ ಮೇಡಂ, ಅವರೇ ಶೆಡ್ಡಿನ ಯಜಮಾನಿ, ದಿನಾ ಬೆಳಿಗ್ಗೆ ಬಂದು, "ಎರಡು ಸಾಲು. ಒಂದು ಕಮ್ಮಿ ಇಲ್ಲ, ಒಂದು ಜಾಸ್ತಿ ಇಲ್ಲ" ಅಂತಾರೆ. ದಾರ ಉಳಿಸೋಕೆ ಹೇಳುತ್ತಾರೆ ಅಂತ ನಾವು ಒಳಗೊಳಗೇ ನಗುತ್ತೇವೆ. ಡೇರೆ ಹೊಲಿಯುವಾಗ ಎಷ್ಟು ಸಾಲು ಹೊಡೆದರೆ ಅಷ್ಟು ಗಟ್ಟಿ ಅನ್ನುತ್ತಿದ್ದರಲ್ಲ.

ನಿನ್ನ ಸ್ಕೂಲಿನ ಯೂನಿಫಾರಂ ನೆನಪಿದೆಯಾ? ಕಂಕುಳಲ್ಲಿ ಮೂರು ಸಾಲು ಹೊಡೆದಿದ್ದೆ. ನೀನು ನೀರಿನ ಟ್ಯಾಂಕು ಹತ್ತಿ, ಕಾಂಪೌಂಡು ಹಾರಿ, ಮರದಿಂದ ನೇತಾಡಿ ಬಂದರೂ ಹೊಲಿಗೆ ಬಿಡಲಿಲ್ಲ. ಬೇರೆಯವರ ಮಕ್ಕಳದು ಎರಡು ಸಾಲು, ನನ್ನ ಮಗಳದು ಮೂರು.

ಪರೀಕ್ಷೆಗೆ ಹೋಗುವ ಕೊಡೆಗಳಲ್ಲಿ ನಿನ್ನದು ಯಾವುದು ಅಂತ ಯಾರೂ ಹೇಳುವುದಿಲ್ಲ. ಕೇಳಿದೆ, ಬೈದರು. ಹಾಗಾಗಿ ನನ್ನ ಕೈಗೆ ಬಂದದ್ದೆಲ್ಲ ನಿನ್ನದೇ ಅಂದುಕೊಂಡು ಹೊಲಿದಿದ್ದೇನೆ. ನೀನು ಚಿಂತೆ ಮಾಡಬೇಡ. ಏನು ಮಾಡಬೇಕೋ ಅದನ್ನು ಮಾಡಿದ್ದೇನೆ. ಒಂದು ಚೂರು ಜಾಸ್ತಿಯೇ ಮಾಡಿದ್ದೇನೆ.

ಈಗ ಸ್ವಲ್ಪ ಊಟ ಸೇರುತ್ತಿದೆ.

ಅಪ್ಪ

ಮಾರ್ಚ್ 2

ಅಪ್ಪ,

ಅವಸರದಲ್ಲಿ ಬರೆಯುತ್ತಿದ್ದೇನೆ. ಒಂದು ಚೂರು ಜಾಸ್ತಿ ಅಂದರೆ ಏನು?

ಇಲ್ಲಿ ನಮಗೆ ಹೆದರಿಕೆ ಹುಟ್ಟಿಸುವ ಮಾತು ಅದೊಂದೇ. ಕೊಡೆ ಮಡಿಸುವಾಗ ಪಕ್ಕದ ಮಂಚದವಳು ಭದ್ರವಾಗಿರಲಿ ಅಂತ ಹಗ್ಗಕ್ಕೆ ಒಂದು ಸುತ್ತು ಜಾಸ್ತಿ ಸುತ್ತಿದಳು. ಗುಡುಗು ಅವಳ ಎದುರಿಗೇ ಆ ಕೊಡೆಯನ್ನು ಮರಳು ತುಂಬಿದ ಬೊಂಬೆಗೆ ಕಟ್ಟಿ ವಿಮಾನದಿಂದ ಬಿಟ್ಟರು. ಬೊಂಬೆ ನೆಲಕ್ಕೆ ಬಂತು. ಕೊಡೆ ಬಿಚ್ಚಲೇ ಇಲ್ಲ. "ಇದು ನಿನ್ನ ಪ್ರೀತಿ" ಅಂತ ಒಡೆದ ಬೊಂಬೆಯನ್ನು ತೋರಿಸಿದರು. ಆ ದಿನ ಅವರು ಗುಡುಗಲಿಲ್ಲ.

ಏನು ಮಾಡಿದಿರಿ, ಬೇಗ ಬರೆಯಿರಿ.

ಕಡ್ಡಿ

ಮಾರ್ಚ್ 3

ಮಗಳೇ,

ನಿನ್ನ ಕಾಗದಕ್ಕೆ ಕಾಯದೆ ಬರೆಯುತ್ತಿದ್ದೇನೆ. ದೊಡ್ಡ ಎಡವಟ್ಟಾಗಿದೆ. ನನ್ನಿಂದಲೇ.

ಹೊಲಿದ ಕೊಡೆಗಳಲ್ಲಿ ಒಂದನ್ನು ತೆಗೆದು, ಕತ್ತರಿಸಿ, ಎಳೆಯುವ ಯಂತ್ರಕ್ಕೆ ಕಚ್ಚಿಸಿ ನೋಡುವ ಪದ್ಧತಿ ಇದೆ. ನಿನ್ನೆ ಅದಕ್ಕೆ ದೊಡ್ಡವರೆಲ್ಲ ಬಂದಿದ್ದರು. ಖರೀದಿ ಕಚೇರಿಯ ಸಾಹೇಬರು, ಬಟ್ಟೆ ನೇಯ್ದ ಮಿಲ್ಲಿನ ಮೇಸ್ತ್ರಿ, ನಮ್ಮ ದೊಡ್ಡ ಮೇಡಂ. ಯಂತ್ರ ನಡೆಸುವುದು ಚಿಕ್ಕ ಮೇಡಂ, ನಿನ್ನ ವಯಸ್ಸಿನ ಹುಡುಗಿ. ನಮ್ಮನ್ನೆಲ್ಲ ಗೋಡೆಯ ಪಕ್ಕ ನಿಲ್ಲಿಸಿದ್ದರು. ಯಂತ್ರ ಎಳೆಯಿತು. ಮುಳ್ಳು ಅರ್ಧಕ್ಕೂ ಹೋಗಿರಲಿಲ್ಲ, ಚರ್ ಅಂತ ಸದ್ದು ಬಂತು. ಅಂಚೆಚೀಟಿಯ ಹಾಳೆಯಿಂದ ಒಂದು ಚೀಟಿ ಹರಿದುಕೊಳ್ಳುತ್ತೇವಲ್ಲ, ಅಷ್ಟು ನೀಟಾಗಿ, ಹೊಲಿಗೆಯ ಗುಂಟ ಹರಿದು ಬಂತು.

ಖರೀದಿ ಸಾಹೇಬರು, "ನಾನು ಮೊದಲೇ ಹೇಳಿದ್ದೆ. ಬಟ್ಟೆಗೆ ತಾಕತ್ತಿಲ್ಲ. ಹೊರಗಿನ ಕಂಪನಿಯವರು ಈಗ ಕಳಿಸೋಕೆ ತಯಾರಿದ್ದಾರೆ, ತರಿಸಿಕೊಳ್ಳೋಣ" ಅಂದರು. ಮಿಲ್ಲಿನ ಮೇಸ್ತ್ರಿ ಸ್ಟೂಲಿನ ಮೇಲೆ ಕೂತುಬಿಟ್ಟರು. ನನಗಿಂತ ಹಿರಿಯರು. ಆ ದಾರ ಹುರಿ ಮಾಡುವುದಕ್ಕೇ ಎಷ್ಟು ಸಲ ಸೋತು ಗೆದ್ದರು ಅಂತ ಶೆಡ್ಡಿಗೆಲ್ಲ ಗೊತ್ತು. "ನನ್ನ ಬಟ್ಟೆ ಹಂಗೆ ಹರಿಯಲ್ಲ ಸ್ವಾಮಿ" ಅಂತ ಅಂದರು, ಆದರೆ ಯಾರಿಗೂ ಕೇಳಿಸದ ಹಾಗೆ ಅಂದರು.

ಚಿಕ್ಕ ಮೇಡಂ ಹರಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸೂಜಿಯ ತೂತುಗಳಿಂದ ಬೆಳಕು ಸಣ್ಣ ಚುಕ್ಕಿ ಚುಕ್ಕಿಯಾಗಿ ಬರುತ್ತಿತ್ತು. "ಇಲ್ಲಿ ಎರಡು ಸಾಲು ಇರಬೇಕಿತ್ತು. ಮೂರಿದೆ. ನಡುವೆ ಒಂದು ಸಾಲು ಯಾರೋ ಹೊಡೆದಿದ್ದಾರೆ. ಇಷ್ಟು ತೆಳು ಬಟ್ಟೆಗೆ ಇಷ್ಟು ತೂತಾದರೆ ಹರಿಯದೆ ಏನಾಗುತ್ತೆ?" ಅಂದಳು.

ಮಗಳೇ, ಆಗ ನನಗೆ ಅರ್ಥವಾಯಿತು. ನಾನು ಗಟ್ಟಿ ಮಾಡಲಿಲ್ಲ, ತೂತು ಮಾಡಿದೆ. ಎರಡು ಸಾಲಿನ ಮಧ್ಯೆ, ತಪಾಸಣೆಯವರ ಕಣ್ಣಿಗೂ ಬೀಳದ ಹಾಗೆ, ನಯವಾಗಿ, ನಿನ್ನ ಯೂನಿಫಾರಂಗೆ ಹೊಡೆದ ಹಾಗೇ ಹೊಡೆದಿದ್ದೆ. ನನ್ನ ಕೈಗೆ ಬಂದ ಎಲ್ಲದಕ್ಕೂ.

ಸುಮ್ಮನಿದ್ದಿದ್ದರೆ ಯಾರದ್ದು ಅಂತ ಹುಡುಕಲು ಸಮಯ ಹಿಡಿಯುತ್ತಿತ್ತು. ಅಷ್ಟರಲ್ಲಿ ಹೊರಗಿನ ಕೊಡೆ ಬರುತ್ತಿತ್ತು. ನೀನು ಅದರಲ್ಲಿ ಹಾರುತ್ತಿದ್ದೆ. ಈ ಯೋಚನೆ ನನ್ನ ತಲೆಗೆ ಬರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಬಂತು. ಆದರೆ ಎದುರಿಗೆ ಮೇಸ್ತ್ರಿ ಕೂತಿದ್ದರು. ಮಾಡದ ತಪ್ಪಿಗೆ ತಲೆ ತಗ್ಗಿಸಿ ಕೂತಿದ್ದರು. ನನ್ನ ಕಾಲು ನನ್ನನ್ನು ಕೇಳದೆ ಮುಂದಕ್ಕೆ ಬಂತು.

"ಬಟ್ಟೆ ಸರಿ ಇದೆ. ಆ ಸಾಲು ನಂದು" ಅಂದೆ.

ದೊಡ್ಡ ಮೇಡಂ, "ಯಾಕೆ?" ಅಂದರು. ಒಂದೇ ಮಾತು.

"ಮಗಳು ಹಾರ್ತಾಳೆ ಮೇಡಂ" ಅಂದೆ. ನನ್ನದೂ ಒಂದೇ ಮಾತು.

ಅವರು ಹರಿದ ತುಂಡನ್ನು ಚಿಕ್ಕ ಮೇಡಂ ಕೈಯಿಂದ ತೆಗೆದುಕೊಂಡರು. ಆಮೇಲೆ, "ಎರಡೇ ಸಾಲು ಯಾಕೆ ಅಂತ ನಿಮಗೆ ಹೇಳದೇ ಹೋದದ್ದು ನನ್ನ ತಪ್ಪು. ಹೇಳಿದ್ದನ್ನ ಕೇಳದೇ ಹೋದದ್ದು ನಿಮ್ಮ ತಪ್ಪು" ಅಂದು, ಖರೀದಿ ಸಾಹೇಬರ ಕಡೆ ತಿರುಗಿ ಏಪ್ರಿಲ್ ಕೊನೆಯವರೆಗೆ ಸಮಯ ಕೇಳಿದರು. ಸಾಹೇಬರು ಕಷ್ಟದಲ್ಲಿ ಒಪ್ಪಿದರು. ಅಷ್ಟರೊಳಗೆ ಆಗದಿದ್ದರೆ ಶೆಡ್ಡಿಗೆ ಮತ್ತೆ ಟಾರ್ಪಾಲು.

ಮೂರು ಸಾಲಿನ ತೊಳೆಗಳನ್ನೆಲ್ಲ ಕಿತ್ತು ಹೊಸದು ಹಾಕಬೇಕು. ತೂತಾದದ್ದು ಮುಚ್ಚುವುದಿಲ್ಲ. ನನ್ನನ್ನು ಮಷೀನಿನಿಂದ ಎಬ್ಬಿಸಿ ಹೊಲಿಗೆ ಬಿಚ್ಚುವ ಕೆಲಸಕ್ಕೆ ಕೂರಿಸಿದ್ದಾರೆ. ನಾನು ಹೊಲಿದದ್ದನ್ನು ನಾನೇ ಬಿಚ್ಚುತ್ತಿದ್ದೇನೆ. ಪಕ್ಕದ ಮಷೀನಿನ ಹೆಂಗಸು, "ಮಾಸ್ಟ್ರೇ, ಗುಂಡಿ, ಕಾಲರು ಇಡೋದು ಮರೆತಿರಲ್ಲ, ಯೂನಿಫಾರಂ ಪೂರ್ತಿ ಆಗ್ತಿತ್ತು" ಅಂದಳು. ಅವಳೇ ಆಮೇಲೆ ತನ್ನ ಕುರ್ಚಿ ಎಳೆದುಕೊಂಡು ಬಂದು ನನ್ನ ಜೊತೆ ಬಿಚ್ಚಲು ಕೂತಳು.

ಈಗಲಾದರೂ ನಿನ್ನ ಹೆಸರು ತೆಗೆಸು. ನಿನ್ನ ಅಪ್ಪನ ಕೈಯನ್ನು ನಂಬಬೇಡ.

ಅಪ್ಪ

ಮಾರ್ಚ್ 20

ಅಪ್ಪನಿಗೆ,

ನಿಮ್ಮ ಪತ್ರವನ್ನು ಮೈದಾನದ ಮೂಲೆಯಲ್ಲಿ ಒಬ್ಬಳೇ ಕೂತು ಓದಿದೆ. ಮೊದಲು ಕೋಪ ಬಂತು. ಆಮೇಲೆ ಆ ಬೊಂಬೆ ನೆನಪಾಯಿತು. ಆಮೇಲೆ ನಗು ಬಂತು. ಯಾಕೆ ಅಂತ ಹೇಳುತ್ತೇನೆ.

ನಾನು ಹೊರಟ ದಿನ ನೀವು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಿರಿ. ಅಪ್ಪನಿಗೆ ನಾನು ಬೇಡವಾದೆ ಅಂದುಕೊಂಡೇ ಮೆಟ್ಟಿಲಿಳಿದೆ. ಇಲ್ಲಿಗೆ ಬಂದು ಚೀಲ ತೆಗೆದಾಗ ನೋಡಿದೆ, ಭುಜದ ಪಟ್ಟಿಗೆ ಯಾರೋ ಹೊಸದಾಗಿ ಹೊಲಿಗೆ ಹಾಕಿದ್ದರು. ಮೂರು ಸಾಲು. ಹಿಂದಿನ ದಿನ ಅದು ಇರಲಿಲ್ಲ. ಅಮ್ಮನಿಗೆ ಮಷೀನು ತುಳಿಯಲು ಬರುವುದಿಲ್ಲ. ಆ ಪಟ್ಟಿಯನ್ನು ಎಷ್ಟು ದಿನ ಕೈಯಲ್ಲಿ ಹಿಡಿದು ಮಲಗಿದೆ ಅಂತ ನಾನು ಬರೆಯುವುದಿಲ್ಲ.

ನಗು ಬಂದದ್ದು ಇದಕ್ಕೆ: ಹೋದ ತಿಂಗಳು ಆ ಪಟ್ಟಿ ಕಿತ್ತು ಬಂತು. ಸರಿಯಾಗಿ ಹೊಲಿಗೆಯ ಗುಂಟ! ಚೀಲ ಹಳೆಯದಾಯಿತು ಅಂದುಕೊಂಡಿದ್ದೆ. ಈಗ ಗೊತ್ತಾಯಿತು. ನಾನೇ ಸೂಜಿ ಹಿಡಿದು ಎರಡು ಸಾಲು ಹಾಕಿದ್ದೇನೆ. ಸೊಟ್ಟಗಿದೆ, ಗಟ್ಟಿಯಾಗಿದೆ.

ಹೆಸರು ತೆಗೆಸುವುದಿಲ್ಲ. ನಿಮ್ಮ ಪತ್ರವನ್ನು ಗುಡುಗಿಗೆ ತೋರಿಸಿದೆ. ಬೈಯಬೇಡಿ, ತೋರಿಸಲೇಬೇಕಿತ್ತು. ಓದಿ ಮಡಿಸಿ ಕೊಟ್ಟು, "ತಪ್ಪು ಮಾಡದ ಕಾರ್ಖಾನೆ ನಾನು ನೋಡಿಲ್ಲ. ಎದ್ದು ನಿಂತು ನಂದು ಅಂದೋರನ್ನ ಈಗ ನೋಡಿದೆ. ಅಂಥೋರು ಹೊಲಿದ ಕೊಡೆ ನನಗೂ ಒಂದು ಇರಲಿ" ಅಂದರು. ಈಗ ಹಾರುವವರ ಸಾಲಿನಲ್ಲಿ ನಾನು ಮೊದಲು, ಅವರು ಎರಡನೆಯವರು.

ಆದ್ದರಿಂದ ನೀವು ಬಿಚ್ಚುತ್ತಾ ಕೂತರೆ ಆಗುವುದಿಲ್ಲ. ದೊಡ್ಡ ಮೇಡಂ ಹತ್ತಿರ ಹೋಗಿ ಮಷೀನು ಕೇಳಿ. ಬೇರೆಯವರು ಹೊಲಿದದ್ದರಲ್ಲೂ ನಾನು ಹಾರುತ್ತೇನೆ. ಆದರೆ ನಾನು ಹಾರುವಾಗ ನೀವು ಗೋಡೆಗೆ ಮುಖ ಮಾಡಿ ಕೂತಿರಬಾರದು.

ಎರಡು ಸಾಲು ಸಾಕು ಅಪ್ಪ.

ನಿಮ್ಮ ಕಡ್ಡಿ

ಏಪ್ರಿಲ್ 14

ಕಡ್ಡಿಗೆ,

ಚೀಲದ ಪಟ್ಟಿಯ ವಿಷಯಕ್ಕೆ ನಾನು ಏನೂ ಬರೆಯುವುದಿಲ್ಲ. ನಿನ್ನಮ್ಮ ಅದನ್ನು ಓದಿ, "ಶೀತ ಅಂತೆ ಶೀತ" ಅಂದಳು. ಅಷ್ಟೆ.

ಮಷೀನು ಕೇಳಿದೆ. ದೊಡ್ಡ ಮೇಡಂ, "ನಾನು ಕೊಡೋದಲ್ಲ, ಮೇಸ್ತ್ರಿಯವರು ಒಪ್ಪಲಿ. ಮರ್ಯಾದೆ ಹೋಗ್ತಿದ್ದದ್ದು ಅವರದ್ದು" ಅಂದರು. ಮೇಸ್ತ್ರಿ ಮಿಲ್ಲಿನಿಂದ ಬಂದರು, ಒಂದು ಥಾನು ಬಟ್ಟೆಯನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು. ನನ್ನ ಮಷೀನಿನ ಪಕ್ಕ ನಿಂತು, "ಹೊಲಿಯಪ್ಪ, ನೋಡ್ತೀನಿ" ಅಂದರು. ಶೆಡ್ಡಿನಲ್ಲಿ ಉಳಿದ ಮಷೀನುಗಳೆಲ್ಲ ನಿಂತವು.

ಒಂದು ಸಾಲು ಹೊಡೆದೆ. ಎರಡು ಸಾಲು ಹೊಡೆದೆ. ಮಗಳೇ, ಹೊಲಿಯುವುದು ಕಷ್ಟವಾಗಲಿಲ್ಲ. ಪೆಡಲಿನಿಂದ ಕಾಲು ತೆಗೆಯುವುದು ಕಷ್ಟವಾಯಿತು. ಕಾಲು ಇನ್ನೊಂದು, ಇನ್ನೊಂದು ಅನ್ನುತ್ತಿತ್ತು. ನೀನು ಬರೆದ ಕೊನೆಯ ಸಾಲನ್ನು ನೆನೆಸಿಕೊಂಡೆ. ಕಾಲು ತೆಗೆದೆ. ಬಟ್ಟೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟೆ.

ಚಿಕ್ಕ ಮೇಡಂ ಯಂತ್ರಕ್ಕೆ ಕಚ್ಚಿಸಿದಳು. ಮುಳ್ಳು ಅರ್ಧ ದಾಟಿತು. ಇಷ್ಟಾದರೂ ತಡೆಯಲೇಬೇಕು ಅನ್ನುವ ಕೆಂಪು ಗೆರೆ ಮುಟ್ಟಿತು. ಗೆರೆ ದಾಟಿತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮೇಸ್ತ್ರಿ, "ಎಳಿಯಮ್ಮ, ಇನ್ನೂ ಎಳಿ" ಅಂದರು. ಕೊನೆಗೆ ಯಂತ್ರದ ಹಲ್ಲು ಕಚ್ಚಿದ ಜಾಗದಲ್ಲಿ ಬಟ್ಟೆ ಹರಿಯಿತು. ಹೊಲಿಗೆ? ಹೊಲಿಗೆ ಅಲ್ಲಾಡಲಿಲ್ಲ. ಹೊರದೇಶದ ಕೊಡೆಯ ತುಂಡನ್ನೂ ಪಕ್ಕದಲ್ಲೇ ಎಳೆದು ತೋರಿಸಿದಳು. ಅದು ನಮ್ಮದಕ್ಕಿಂತ ಮೊದಲೇ ಬಿಟ್ಟುಕೊಂಡಿತು! ಶೆಡ್ಡಿನಲ್ಲಿ ಎದ್ದ ಗದ್ದಲಕ್ಕೆ ಕಾವಲುಗಾರ ಬೆಂಕಿ ಬಿತ್ತೆಂದು ಬಕೆಟ್ಟು ಹಿಡಿದು ಓಡಿ ಬಂದ. ಮೇಸ್ತ್ರಿ ನನ್ನ ಬೆನ್ನಿಗೆ ಗುದ್ದಿದರು. ಪ್ರೀತಿಯದ್ದೇ, ಆದರೆ ಇನ್ನೂ ನೋಯುತ್ತಿದೆ.

ಆಮೇಲೆ ಮರಳು ಬೊಂಬೆಗೆ ಕಟ್ಟಿ ಬಿಟ್ಟರಂತೆ. ಬಿಟ್ಟಷ್ಟೂ ಬಿಚ್ಚಿದವು. ಇನ್ನು ಉಳಿದದ್ದು ನೀವು.

ನಮ್ಮನ್ನೆಲ್ಲ ಬಸ್ಸಿನಲ್ಲಿ ನಿಮ್ಮ ಮೈದಾನಕ್ಕೆ ಕರೆದುಕೊಂಡು ಬರುತ್ತಾರೆ. ನಾನು ಬರುವುದಿಲ್ಲ ಅಂದಿದ್ದೇನೆ. ಎದೆ ತಡೆಯುವುದಿಲ್ಲ. ನಿನ್ನಮ್ಮ, "ಬೇಡ ಬಿಡಿ, ನಿಮ್ಮ ಸೀಟಿಗೆ ಕ್ಷೌರದವನನ್ನ ಕರ್ಕೊಂಡು ಹೋಗ್ತೀನಿ" ಅಂತ ಅವನಿಗೆ ಹೇಳಿಯೂ ಬಂದಿದ್ದಾಳೆ.

ಬರುತ್ತೇನೆ ಅನ್ನಿಸುತ್ತದೆ.

ಅಪ್ಪ

ಏಪ್ರಿಲ್ 29

ಅಪ್ಪ,

ಹಾರಿದ ಮೇಲೆ ಎರಡು ಮಾತು ಆಡುವಷ್ಟರಲ್ಲೇ ನಮ್ಮನ್ನು ಲಾರಿ ಹತ್ತಿಸಿಬಿಟ್ಟರು. ಅದಕ್ಕೇ ಬರೆಯುತ್ತಿದ್ದೇನೆ.

ಬಾಗಿಲಲ್ಲಿ ನಿಂತಾಗ ಗಾಳಿ ಕಿವಿಯಲ್ಲಿ ಕಿರುಚುತ್ತದೆ. ಹಿಂದೆ ಗುಡುಗು, "ಹೋಗು ಕಡ್ಡಿ!" ಅಂದರು. ಹೋದೆ. ಒಂದು ಕ್ಷಣ ಬೀಳುತ್ತಲೇ ಇದ್ದೆ. ಆಮೇಲೆ ಬೆನ್ನು ಹಿಡಿದು ಯಾರೋ ಮೇಲಕ್ಕೆತ್ತಿದ ಹಾಗಾಯಿತು. ನೀವು ನನ್ನನ್ನು ಸೈಕಲ್ಲಿನಿಂದ ಬೀಳುವಾಗ ಹಿಡಿಯುತ್ತಿದ್ದಿರಲ್ಲ, ಹಾಗೆ. ಆಮೇಲೆ ಸದ್ದೇ ಇಲ್ಲ. ತಲೆ ಎತ್ತಿ ನೋಡಿದೆ. ತುಂಬಿಕೊಂಡು ನಿಂತಿತ್ತು ಅಪ್ಪ! ಒಂದು ತೊಳೆಯೂ ಸುಕ್ಕಾಗಿರಲಿಲ್ಲ. ಅಷ್ಟು ಎತ್ತರದಲ್ಲಿ ಒಬ್ಬಳೇ ಕೂಗಿದೆ. ಏನು ಕೂಗಿದೆ ಅಂತ ಅಮ್ಮನಿಗೆ ಹೇಳಬೇಡಿ.

ಮೇಲಿನಿಂದ ನೀವೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕಂಡಿರಿ. ಕೆಳಗಿನಿಂದ ನಾವು ಹೇಗೆ ಕಂಡೆವು? ಎಲ್ಲ ಬರೆಯಿರಿ, ಒಂದು ಚೂರು ಜಾಸ್ತಿಯೇ ಬರೆಯಿರಿ. ಪತ್ರಕ್ಕೆ ನಡೆಯುತ್ತದೆ.

ಕಡ್ಡಿ

ಮೇ 6

ಕಡ್ಡಿಗೆ ಅಪ್ಪ ಅಮ್ಮನ ಆಶೀರ್ವಾದ.

ಮೊದಲಿಗೆ ನಾನು ಏನೂ ನೋಡಲಿಲ್ಲ. ವಿಮಾನದ ಸದ್ದು ಬಂದ ಕೂಡಲೇ ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡುತ್ತಾ ನಿಂತೆ. ಬಲಗಾಲಿನದರ ಹೆಬ್ಬೆರಳಿನ ಉಂಗುಷ್ಠ ಕಿತ್ತು ಬರುವ ಹಾಗಿತ್ತು. ಅದನ್ನೇ ನೋಡುತ್ತಿದ್ದೆ. ನಿನ್ನಮ್ಮ ನನ್ನ ತೋಳಿಗೆ ಉಗುರು ಊರಿದ್ದಳು. ಯಾವುದಕ್ಕೂ ಹೆದರದವಳು ಅವಳು. ಗುರುತು ಇನ್ನೂ ಇದೆ.

"ಬಿತ್ತು ಒಂದು" ಅಂತ ಯಾರೋ ಅಂದರು. ಪ್ರಪಂಚದಲ್ಲಿ ಆ ಮಾತಿಗಿಂತ ಕೆಟ್ಟ ಮಾತು ಇಲ್ಲ. ಆಮೇಲೆ ಏನೂ ಕೇಳಿಸಲಿಲ್ಲ.

"ಬಿಚ್ಚಿತು! ಬಿಚ್ಚಿತು ಕಣ್ರೀ! ತಲೆ ಎತ್ರೀ!" ಅಂತ ನಿನ್ನಮ್ಮ ನನ್ನ ಗದ್ದ ಹಿಡಿದು ಮೇಲೆತ್ತಿದಳು.

ಮಗಳೇ, ಎಷ್ಟು ಚಂದ ಇತ್ತು! ನೀಲಿಯಲ್ಲಿ ಒಂದು ಬಿಳಿ ಹೂವು. ಅದರ ಕೆಳಗೆ ಒಂದು ಕಡ್ಡಿ. ಅದರ ಹಿಂದೆ ಇನ್ನೊಂದು ಬಿಚ್ಚಿತು, ಅದು ನಿಮ್ಮ ಗುಡುಗು ಇರಬೇಕು. ಆಮೇಲೆ ಒಂದಾದ ಮೇಲೆ ಒಂದು. ಹುಲ್ಲು ಕೀಳುತ್ತಾ ಕೂರುತ್ತಿದ್ದರು ಅಂದೆಯಲ್ಲ, ಆ ಅರ್ಧ ಜನರೂ ಮೇಲಿದ್ದರು. ಆಕಾಶದಲ್ಲಿ ಜಾಗವೇ ಇಲ್ಲ ಅನ್ನುವ ಹಾಗೆ ಇದ್ದರು. ಪ್ರತಿ ಕೊಡೆ ಬಿಚ್ಚಿದಾಗಲೂ ನಮ್ಮ ಶೆಡ್ಡಿನವರು, "ನಮ್ಮದು! ನಮ್ಮದು!" ಅಂತ ಕುಣಿದರು. ಯಾರ ಕೈಯದು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಎಲ್ಲರೂ ಎಲ್ಲದಕ್ಕೂ ಕುಣಿದರು. ಮೇಸ್ತ್ರಿ ಮಾತ್ರ ಕುಣಿಯದೆ ಕಣ್ಣೊರೆಸುತ್ತಾ, "ನನ್ನ ಬಟ್ಟೆ ಹಂಗೆ ಹರಿಯಲ್ಲ ಸ್ವಾಮಿ" ಅಂದರು. ಈ ಸಲ ಗಟ್ಟಿಯಾಗಿ ಅಂದರು. ಖರೀದಿ ಸಾಹೇಬರಿಗೆ ಕೇಳಿಸುವ ಹಾಗೆ. ಸಾಹೇಬರು ಬಂದು ಅವರ ಕೈ ಕುಲುಕಿದರು.

ನೀನು ಬಟ್ಟೆಯನ್ನು ಎರಡು ಕೈಯಲ್ಲಿ ಬಾಚಿಕೊಂಡು ನಮ್ಮ ಹತ್ತಿರ ಓಡಿ ಬಂದೆ. ನಾನು ಏನು ಮಾಡಿದೆ ಅಂತ ನಿನಗೇ ಗೊತ್ತು. ಕೈ ಚಾಚಿ ಮೊದಲು ಹೊಲಿಗೆ ಹಿಡಿದು ನೋಡಿದೆ. "ಅಪ್ಪ, ಬಟ್ಟೆ ನೋಡ್ತೀರೋ, ನನ್ನ ನೋಡ್ತೀರೋ?" ಅಂದೆ ನೀನು. ಆಗ ನೋಡಿದೆ. ಹೊರಟ ದಿನ ಆಡಬೇಕಾಗಿದ್ದ ಮಾತೆಲ್ಲ ಬಾಯಿಯವರೆಗೆ ಬಂತು. ಬಂದದ್ದು, "ತೂಕ ಕಮ್ಮಿಯಾಗಿದೀಯ" ಅಂತ. ನೀನು ನಕ್ಕು, ಆ ಕೊಡೆಯ ಸಮೇತ ನನ್ನನ್ನು ತಬ್ಬಿಕೊಂಡೆಯಲ್ಲ, ಅಷ್ಟು ಬಟ್ಟೆಯೊಳಗೆ ನನಗೆ ಉಸಿರು ಕಟ್ಟಿತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ.

ನಿನ್ನೆ ಅಧಿಕೃತವಾಗಿ ತಿಳಿಸಿದರು. ಹೊರಗಿನಿಂದ ತರಿಸುವುದು ನಿಂತಿತು. ಸೈನ್ಯಕ್ಕೆ ಬೇಕಾದ ಕೊಡೆಗಳೆಲ್ಲ ಇನ್ನು ನಮ್ಮ ಶೆಡ್ಡಿನಲ್ಲೇ. ಪಕ್ಕದ ಗೋದಾಮನ್ನೂ ನಮಗೇ ಕೊಟ್ಟಿದ್ದಾರೆ. ಹೊಸಬರಿಗೆ ಕಲಿಸುವ ಕೆಲಸಕ್ಕೆ ದೊಡ್ಡ ಮೇಡಂ ನನ್ನನ್ನು ಹಾಕಿದ್ದಾರೆ. ಮೊದಲ ಪಾಠ ಏನು ಹೇಳಿಕೊಡಲಿ ಅಂತ ಕೇಳಿದೆ. "ನಿಮ್ಮ ತಪ್ಪನ್ನೇ ಹೇಳಿಕೊಡಿ. ಅದರಷ್ಟು ಚೆನ್ನಾಗಿ ಯಾವುದೂ ಅರ್ಥ ಆಗಲ್ಲ" ಅಂದರು. ಹರಿದ ಆ ತುಂಡನ್ನು ಕಿಟಕಿಗೆ ಅಂಟಿಸಿದ್ದೇವೆ. ಬೆಳಿಗ್ಗೆ ಬಿಸಿಲು ಬಿದ್ದಾಗ ಮೂರು ಸಾಲು ಚುಕ್ಕಿ ನೆಲದ ಮೇಲೆ ಕಾಣುತ್ತದೆ. ಇನ್ನು ಮೇಲೆ ನಿನ್ನದು ಯಾವುದು ಅಂತ ನಾನು ಯಾರನ್ನೂ ಕೇಳುವುದಿಲ್ಲ. ಎಲ್ಲವೂ ಯಾರದ್ದೋ ಮಗಳದು, ಯಾರದ್ದೋ ಮಗನದು.

ಕ್ಷೌರದಂಗಡಿಗೆ ಹೋದೆ. ಅವನು ಕತ್ತಿ ಮಸೆಯುತ್ತಾ, "ಏನ್ ಮಾಸ್ಟ್ರೇ, ನಿಮ್ಮ ಕೊಡೆ ಮಳೆಗೆ ನಿಲ್ಲುತ್ತಾ?" ಅಂದ. "ಮಳೆಗೆ ಗೊತ್ತಿಲ್ಲಪ್ಪ, ಮನುಷ್ಯರಿಗೆ ನಿಲ್ಲುತ್ತೆ" ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಈ ಸಲ ನನ್ನ ಕಡೆ ಸೇರಿ ನಕ್ಕರು. ಅವನೂ ನಕ್ಕ. "ಆಸ್ಪತ್ರೆನೂ ಇಲ್ಲೇ ಕಟ್ಟೋಕೆ ಹೇಳಿ ಮತ್ತೆ" ಅಂದ. "ಹೇಳೋಣ, ನಾನೂ ಬರ್ತೀನಿ" ಅಂದೆ. ಗಡ್ಡ ಪೂರ್ತಿ ಆದ ಮೇಲೇ ಎದ್ದು ಬಂದೆ.

ನಾವು ಕ್ಷೇಮ. ಈ ಸಲ ಹಾಗೇ ಸುಮ್ಮನೆ ಬರೆದದ್ದಲ್ಲ.

ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಲು ಈಗ ಇಬ್ಬರೂ ಹೊರಟಿದ್ದೇವೆ. ಬೀಗ ಹಾಕಿ ಎಳೆದೆ, ಇನ್ನೊಮ್ಮೆ ಎಳೆದೆ. ನಿನ್ನಮ್ಮ ಮೂರನೆಯದಕ್ಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾದಳು. ನಾನು ಕೈ ತೆಗೆದೆ. ಎರಡು ಸಾಕು ಅಂತ ಹೇಳಿ, ಮೆಟ್ಟಿಲ ಮೇಲೇ ಕೂತು ಈ ಕೊನೆಯ ಸಾಲು ಬರೆದಿದ್ದೇನೆ.

ನಿನ್ನ ಅಪ್ಪ